ಕತ್ತಲಲ್ಲಿ ನೋಡುವ ಕಣ್ಣು ಜ್ವರ ಹಿಡಿದದ್ದು

ಮಗುವಿನ ಮೈ ಬಿಸಿ ಅನ್ನಿಸಿದರೆ ಅಮ್ಮ ಅದರ ಹಣೆ ಮುಟ್ಟಿ ನೋಡುತ್ತಾಳೆ. ಆಮೇಲೆ ಅದೇ ಕೈಯಿಂದ ತನ್ನ ಹಣೆಯನ್ನೂ ಮುಟ್ಟಿಕೊಳ್ಳುತ್ತಾಳೆ. ಅವಳ ಕೈ ಆಗಷ್ಟೇ ಪಾತ್ರೆ ತೊಳೆದು ತಣ್ಣಗಾಗಿದ್ದರೆ ಮಗುವಿನ ಹಣೆ ಸುಮ್ಮಸುಮ್ಮನೆ ಬಿಸಿ ಅನ್ನಿಸೀತು. 2003ರಲ್ಲಿ ಸಿಂಗಪುರದ ಎಂಜಿನಿಯರುಗಳು ಸೈನ್ಯದ ಕ್ಯಾಮೆರಾಕ್ಕೆ ಕಲಿಸಬೇಕಾದದ್ದು ಈ ಎರಡನೆಯ ಮುಟ್ಟುವಿಕೆಯನ್ನೇ.

ಆ ವರ್ಷ ಮಾರ್ಚ್ ಹೊತ್ತಿಗೆ ಸಾರ್ಸ್ ಎಂಬ ಉಸಿರಾಟದ ಸೋಂಕು ರೋಗ ಹಾಂಗ್‌ಕಾಂಗ್‌ನಿಂದ ಸಿಂಗಪುರಕ್ಕೆ ಕಾಲಿಟ್ಟಿತ್ತು. ಅಲ್ಲಿ 238 ಜನರಿಗೆ ತಗುಲಿ, 33 ಜನ ತೀರಿಕೊಂಡರು. ಚಾಂಗಿ ವಿಮಾನ ನಿಲ್ದಾಣದಲ್ಲಿ ಇಳಿಯುವ ಪ್ರತಿಯೊಬ್ಬರನ್ನೂ ನಿಲ್ಲಿಸಿ ಥರ್ಮಾಮೀಟರ್ ಇಡುತ್ತ ಕೂತರೆ ಸಾಲು ಕರಗುವುದೆಂದು? ಆಗ ಅಲ್ಲಿನ ರಕ್ಷಣಾ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯವರಿಗೆ ಹೊಳೆದದ್ದು ಸೈನಿಕರ ಥರ್ಮಲ್ ಕ್ಯಾಮೆರಾ. ನಮ್ಮ ಚರ್ಮ ಸದಾ ಅವಕೆಂಪು ಕಿರಣಗಳನ್ನು ಸೂಸುತ್ತಿರುತ್ತದೆ. ಕಣ್ಣಿಗೆ ಕಾಣದ ಆ ಕಿರಣಗಳನ್ನು ಹಿಡಿದು ಚಿತ್ರ ಮಾಡುವ ಯಂತ್ರವದು.

ಆದರೆ ಸೈನಿಕನಿಗೂ ವೈದ್ಯರಿಗೂ ಬೇಕಾದದ್ದು ಬೇರೆ ಬೇರೆ. ಕತ್ತಲಲ್ಲಿ ಪೊದೆಯ ಹಿಂದೆ ಅಡಗಿದವನು ಪೊದೆಗಿಂತ ಬಿಸಿಯಾಗಿ ಕಂಡರೆ ಸಾಕು, ಅವನ ಮೈಬಿಸಿ ಎಷ್ಟು ಡಿಗ್ರಿ ಎಂಬುದು ಸೈನಿಕನಿಗೆ ಬೇಡ. ಜ್ವರದ ಲೆಕ್ಕವೋ ಒಂದೆರಡು ಡಿಗ್ರಿಯೊಳಗೇ ಮುಗಿಯುತ್ತದೆ. ಸಾಮಾನ್ಯ ಥರ್ಮಲ್ ಕ್ಯಾಮೆರಾದ ಅಳತೆಯೇ ಎರಡು ಡಿಗ್ರಿಯಷ್ಟು ಆಚೀಚೆ ಆಗುತ್ತದೆ. ಕೆಲಸ ಮಾಡುತ್ತ ಮಾಡುತ್ತ ಕ್ಯಾಮೆರಾ ತಾನೇ ಬಿಸಿಯೇರಿ ಅಳತೆ ಇನ್ನಷ್ಟು ಜಾರುತ್ತದೆ. ಅದಕ್ಕೇ ಎಂಜಿನಿಯರುಗಳು ಕ್ಯಾಮೆರಾದ ನೋಟದೊಳಗೆ, ಗೊತ್ತಾದ ಒಂದೇ ಉಷ್ಣತೆಯಲ್ಲಿ ಕದಲದೆ ನಿಲ್ಲುವ ಶಾಖದ ಆಕರವೊಂದನ್ನು ಇಟ್ಟರು. ಮುಖ ಎಷ್ಟು ಬಿಸಿ ಎಂಬುದನ್ನು ಅದಕ್ಕೆ ಹೋಲಿಸಿ ಹೇಳಿದರಾಯಿತು. ತಕ್ಕಡಿಯ ಇನ್ನೊಂದು ತಟ್ಟೆಗೆ ತೂಕದ ಕಲ್ಲು ಬಿದ್ದ ಹಾಗೆ. ನನಗೆ ಇಡೀ ಕಥೆಯಲ್ಲಿ ಅತ್ಯಂತ ಇಷ್ಟವಾಗುವುದು ಈ ಸಣ್ಣ ಆಕರವೇ. ಒಂದು ಕ್ಷೇತ್ರದ ಯಂತ್ರ ಇನ್ನೊಂದಕ್ಕೆ ಹಾಗೆಹಾಗೇ ಒಗ್ಗುವುದಿಲ್ಲ. ಅದಕ್ಕೇನು ಕಡಿಮೆ ಎಂದು ಕಂಡುಕೊಳ್ಳುವುದೇ ನಿಜವಾದ ಶೋಧ.

ಎಸ್‌ಟಿ ಎಲೆಕ್ಟ್ರಾನಿಕ್ಸ್ ಕಂಪನಿಯ ಜೊತೆ ಸೇರಿ ಸುಮಾರು ಒಂದೇ ವಾರದಲ್ಲಿ ಈ ವ್ಯವಸ್ಥೆಯನ್ನು ಅವರು ಕಟ್ಟಿ ನಿಲ್ಲಿಸಿದರು. ಏಪ್ರಿಲ್‌ನಲ್ಲಿ ಅದು ಚಾಂಗಿಯಲ್ಲಿತ್ತು. ಜನ ನಡೆಯುತ್ತಲೇ ಇದ್ದರು. ಪರದೆಯ ಮೇಲೆ ಯಾರದೋ ಮುಖ ಮಿತಿ ಮೀರಿ ಕೆಂಪಾದರೆ ಅವರನ್ನಷ್ಟೇ ಪಕ್ಕಕ್ಕೆ ಕರೆದು ಥರ್ಮಾಮೀಟರ್ ಇಡುತ್ತಿದ್ದರು. ಇಂಥ ಪರದೆಯಲ್ಲಿ ಕನ್ನಡಕ ಹಾಕಿದವರ ಕಣ್ಣಿನ ಜಾಗ ತಣ್ಣನೆಯ ಕಪ್ಪು ಗುಂಡಿಯಂತೆ ಕಾಣುತ್ತದೆ, ಚರ್ಮ ಸೂಸುವ ಅವಕೆಂಪು ಕಿರಣಗಳು ಗಾಜನ್ನು ದಾಟುವುದಿಲ್ಲ. ಮುಖದಲ್ಲಿ ನಂಬಿಕಸ್ತ ಜಾಗವೆಂದರೆ ಕಣ್ಣಿನ ಒಳಮೂಲೆ, ಅಲ್ಲಿ ರಕ್ತನಾಳ ಚರ್ಮಕ್ಕೆ ಹತ್ತಿರ. ಹಾಗಾಗಿ ಕನ್ನಡಕ ತೆಗೆಸಲೇಬೇಕು.

ಸಾರ್ಸ್ ಹೆಚ್ಚಾಗಿ ಹರಡುತ್ತಿದ್ದುದು ಜ್ವರ ಬಂದ ಮೇಲೆ. ಹಾಗಾಗಿಯೇ ಜ್ವರ ಹುಡುಕುವುದಕ್ಕೆ ಅರ್ಥವಿತ್ತು. 2020ರಲ್ಲಿ ಹರಡಿದ ಕೋವಿಡ್ ಹಾಗಿರಲಿಲ್ಲ. ಎಷ್ಟೋ ಸಲ ಮೈ ಬಿಸಿಯಾಗುವ ಮೊದಲೇ ಅದು ಪಕ್ಕದವರಿಗೆ ದಾಟಿರುತ್ತಿತ್ತು, ಕ್ಯಾಮೆರಾಕ್ಕೆ ಕಾಣುವಂಥದ್ದು ಆಗಿನ್ನೂ ಆ ಮುಖದಲ್ಲಿ ಏನೂ ಇರುತ್ತಿರಲಿಲ್ಲ.