‘ಅಟ್ ಹೋಮ್’: ಒಂದು ನುಡಿಗಟ್ಟಿನ ಅರ್ಥ ಮತ್ತು ಬಳಕೆ

ಇಂಗ್ಲಿಷರ ಪತ್ರಗಳನ್ನೂ ದಿನಚರಿಗಳನ್ನೂ ಆಧಾರವಾಗಿ ಬಳಸುವ ಇತಿಹಾಸದ ವಿದ್ಯಾರ್ಥಿಗೆ ‘ಅಟ್ ಹೋಮ್’ ಎಂಬ ನುಡಿಗಟ್ಟು ಮೇಲಿಂದ ಮೇಲೆ ಎದುರಾಗುತ್ತದೆ. ಇದರ ವಾಚ್ಯಾರ್ಥ ‘ಮನೆಯಲ್ಲಿ’ ಎಂದಷ್ಟೆ. ಆಮಂತ್ರಣ ಪತ್ರಿಕೆಯಲ್ಲಿಯಾದರೋ ‘ಅತಿಥಿಗಳನ್ನು ಬರಮಾಡಿಕೊಳ್ಳುತ್ತಾರೆ’ ಎಂಬುದೇ ರೂಢಾರ್ಥ. ಈ ಭೇದವನ್ನರಿಯದವನು ದಾಖಲೆಯನ್ನು ಓದಿಯೂ ತಪ್ಪು ತಿಳಿಯುವ ಸಂಭವವುಂಟು.

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಶಿಷ್ಟವರ್ಗದ ಗೃಹಿಣಿಯರು ವಾರದ ಒಂದು ದಿನವನ್ನು ಸಂದರ್ಶಕರಿಗೆ ಮೀಸಲಿಟ್ಟು, ಅದನ್ನು ತಮ್ಮ ಹೆಸರಿನ ಚೀಟಿಯಲ್ಲಿ ನಮೂದಿಸುತ್ತಿದ್ದರು. ವಿಶೇಷ ಕೂಟಗಳಿಗೆ ಪ್ರತ್ಯೇಕ ಪತ್ರಿಕೆಯಿರುತ್ತಿತ್ತು. ಅದರಲ್ಲಿ ಆತಿಥೇಯಳ ಹೆಸರು, ಕೆಳಗೆ ‘ಅಟ್ ಹೋಮ್’, ಬಳಿಕ ದಿನಾಂಕ, ವೇಳೆ ಮತ್ತು ವಿಳಾಸ. ಸಂಗೀತವೋ ನರ್ತನವೋ ಇದ್ದರೆ ಮೂಲೆಯಲ್ಲಿ ಅದರ ಸೂಚನೆ. ‘ದಯಮಾಡಿ ಬರಬೇಕು’ ಎಂಬ ಮಾತೇ ಇಲ್ಲ. ಆ ಎರಡು ಪದಗಳೇ ಕರೆಯಾಗಿದ್ದುವು. ಮುಂದೆ ಅವು ನಾಮಪದವಾಗಿ ಕೂಟಕ್ಕೇ ಹೆಸರಾದುವು. ನಟ ಚಾರ್ಲ್ಸ್ ಮ್ಯಾಥ್ಯೂಸನು 1818ರಲ್ಲಿ ಲಂಡನ್ನಿನ ಲೈಸಿಯಂ ರಂಗಮಂದಿರದಲ್ಲಿ ಆರಂಭಿಸಿದ ಏಕಪಾತ್ರ ವಿನೋದ ಪ್ರದರ್ಶನಗಳಿಗೂ ಇದೇ ಹೆಸರಿತ್ತು.

ಇದರ ನಿಷೇಧರೂಪವಾದ ‘ನಾಟ್ ಅಟ್ ಹೋಮ್’ ಇನ್ನೂ ವಿಚಾರಾರ್ಹವಾದುದು. ಯಜಮಾನನು ಮಹಡಿಯ ಮೇಲಿದ್ದರೂ ಸೇವಕನು ಬಾಗಿಲಲ್ಲಿ ಹೀಗೆಂದರೆ ‘ಈಗ ಭೇಟಿಯಿಲ್ಲ’ ಎಂದೇ ತಾತ್ಪರ್ಯ. ವಿಲಿಯಂ ಪೇಲಿಯು 1785ರಲ್ಲಿ ಪ್ರಕಟಿಸಿದ ನೀತಿಶಾಸ್ತ್ರ ಗ್ರಂಥದಲ್ಲಿ, ಸೇವಕನ ಇಂತಹ ಮಾತು ವಸ್ತುಸ್ಥಿತಿಗೆ ವಿರುದ್ಧವಾದರೂ ಯಾರನ್ನೂ ವಂಚಿಸದಿರುವುದರಿಂದ ಸುಳ್ಳೆನಿಸದೆಂದು ವಾದಿಸಿದನು. ನಮ್ಮಲ್ಲಿ ಹೊರಟು ನಿಂತವನು ‘ಬರುತ್ತೇನೆ’ ಎಂದಾಗ ಯಾರೂ ಮೋಸಹೋಗುವುದಿಲ್ಲವಷ್ಟೆ! ಆದುದರಿಂದ ಪತ್ರವೊಂದರಲ್ಲಿ ಈ ಮಾತು ಕಂಡಮಾತ್ರಕ್ಕೆ ಆ ವ್ಯಕ್ತಿ ಅಂದು ಮನೆಯಲ್ಲಿರಲಿಲ್ಲವೆಂದು ನಿರ್ಣಯಿಸಲಾಗದು; ಅದಕ್ಕೆ ಬೇರೆ ಪ್ರಮಾಣ ಬೇಕು.

ಇಂಗ್ಲಿಷರ ಆಳ್ವಿಕೆ ಮುಗಿದರೂ ಈ ಪದ್ಧತಿ ಭಾರತದಲ್ಲಿ ಉಳಿದಿದೆ. ಜನವರಿ 26 ಮತ್ತು ಆಗಸ್ಟ್ 15ರಂದು ರಾಷ್ಟ್ರಪತಿ ಭವನದಲ್ಲಿ ರಾಷ್ಟ್ರಪತಿಗಳು ಏರ್ಪಡಿಸುವ ಸತ್ಕಾರಕ್ಕೆ ‘ಅಟ್ ಹೋಮ್’ ಎಂದೇ ಹೆಸರು. ರಾಜ್ಯಪಾಲರ ನಿವಾಸಗಳಲ್ಲಿಯೂ ಇಂತಹ ಕೂಟಗಳು ನಡೆಯುತ್ತವೆ. ಇಲ್ಲಿ ಆತಿಥ್ಯ ನೀಡುವುದು ಗೃಹಿಣಿಯಲ್ಲ, ರಾಜ್ಯಾಂಗದತ್ತವಾದ ಪದವಿ.

ಅನುವಾದದಲ್ಲಿ ‘ಮನೆಯಲ್ಲಿರುತ್ತಾರೆ’ ಎಂದರೆ ಶಬ್ದ ಉಳಿದು ಅರ್ಥ ಕೆಡುತ್ತದೆ. ‘ಸಂತೋಷಕೂಟ’ ಎಂದರೆ ಶಬ್ದ ಹೋದರೂ ಅರ್ಥ ಸಿದ್ಧಿಸುತ್ತದೆ. ನುಡಿಗಟ್ಟಿನ ಅರ್ಥವನ್ನು ನಿಘಂಟಿನಲ್ಲಿ ಮಾತ್ರವಲ್ಲದೆ, ಅದನ್ನು ಆಡಿದ ಜನರ ನಡವಳಿಕೆಯಲ್ಲಿಯೂ ಅರಸಬೇಕು.