ಡೀಸೆಲ್ ಪಂಪ್‌ಸೆಟ್ಟಿನ ಟೈಮಿಂಗ್ ಮತ್ತು ಎಂಜಿನ್ನಿನ ಶಕ್ತಿ

ವಿದ್ಯುತ್ ಸಂಪರ್ಕವಿಲ್ಲದ ಹೊಳೆದಂಡೆ ಹಾಗೂ ಹಳ್ಳದ ಬದಿಯ ಜಮೀನುಗಳಲ್ಲಿ ನೀರೆತ್ತಲು ಡೀಸೆಲ್ ಪಂಪ್‌ಸೆಟ್ಟೇ ಆಧಾರ. ಭತ್ತ ತೆನೆ ಬಿಚ್ಚುವ ಹಂತದಲ್ಲಿ ಎಂಜಿನ್ ಸೋತು ನೀರು ತಪ್ಪಿದರೆ ಕಾಳು ಜೊಳ್ಳಾಗುವುದು. ಇಂಥ ವೇಳೆ ಹಲವರು ಗವರ್ನರ್ ಸ್ಪ್ರಿಂಗನ್ನು ಬಿಗಿಗೊಳಿಸಿ ಹೆಚ್ಚು ಡೀಸೆಲ್ ಹರಿಯುವಂತೆ ಮಾಡುವುದುಂಟು. ಇದರಿಂದ ಹೊಗೆ ಹೆಚ್ಚುತ್ತದೆಯೇ ಹೊರತು ನೀರು ಹೆಚ್ಚುವುದಿಲ್ಲ. ಎಂಜಿನ್ನಿನ ಶಕ್ತಿಯು ಎಷ್ಟು ಡೀಸೆಲ್ ಉರಿಯಿತು ಎಂಬುದರ ಜೊತೆಗೆ, ಅದು ಯಾವ ಕ್ಷಣದಲ್ಲಿ ಉರಿಯಿತು ಎಂಬುದನ್ನೂ ಅವಲಂಬಿಸಿದೆ. ಈ ಕ್ಷಣದ ಹೊಂದಾಣಿಕೆಗೇ ಟೈಮಿಂಗ್ ಎನ್ನುತ್ತಾರೆ.

ಕ್ಷಣದ ಮಹತ್ವ

ಪೆಟ್ರೋಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಇಂಧನ ಹೊತ್ತಿಕೊಳ್ಳುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯಿಲ್ಲ. ಪಿಸ್ಟನ್ ಮೇಲೇರುತ್ತ ಗಾಳಿಯನ್ನು ಸುಮಾರು 16ರಿಂದ 18 ಪಟ್ಟು ಒತ್ತಿದಾಗ ಗಾಳಿಯ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆಗ ನಾಜಲ್ ಸಿಂಪಡಿಸುವ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಪೆಟ್ರೋಲ್ ಎಂಜಿನ್ನಿಗೆ ಕಿಡಿಯ ಸಮಯ ಎಷ್ಟು ಮುಖ್ಯವೋ, ಡೀಸೆಲ್ ಎಂಜಿನ್ನಿಗೆ ಸಿಂಪರಣೆಯ ಸಮಯ ಅಷ್ಟೇ ಮುಖ್ಯ.

ಸೈಕಲ್ ತುಳಿಯುವವರಿಗೆ ಇದನ್ನು ವಿವರಿಸುವುದು ಸುಲಭ. ಪೆಡಲ್ ನೆಟ್ಟಗೆ ಮೇಲಿರುವಾಗ ಎಷ್ಟು ಬಲವಾಗಿ ತುಳಿದರೂ ಗಾಲಿ ತಿರುಗುವುದಿಲ್ಲ. ಪೆಡಲ್ ತುಸು ಮುಂದೆ ಬಾಗಿದ ಮೇಲೆ ತುಳಿದರೆ ಬಲ ಕೆಲಸಕ್ಕೆ ಬರುತ್ತದೆ. ಪೂರ್ತಿ ಕೆಳಗಿಳಿದ ಮೇಲೆ ತುಳಿದರೆ ಶ್ರಮ ವ್ಯರ್ಥ. ಪಿಸ್ಟನ್ ಕ್ರ್ಯಾಂಕನ್ನು ತಿರುಗಿಸುವುದೂ ಹೀಗೆಯೇ. ಪಿಸ್ಟನ್ ಮೇಲ್ತುದಿ ದಾಟಿ ಕ್ರ್ಯಾಂಕ್ ಸುಮಾರು 10 ಡಿಗ್ರಿ ತಿರುಗಿದ ಆಸುಪಾಸಿನಲ್ಲಿ ಒತ್ತಡ ಗರಿಷ್ಠ ಮಟ್ಟ ತಲುಪಿದರೆ, ಟಾರ್ಕ್ ಎನ್ನುವ ತಿರುಗುಬಲ ಚೆನ್ನಾಗಿ ದೊರೆಯುವುದು. ಸಿಂಪಡಿಸಿದ ಡೀಸೆಲ್ ಹೊತ್ತಿಕೊಳ್ಳಲು ತುಸು ಕಾಲ ಬೇಕಾಗುವುದರಿಂದ ಪಿಸ್ಟನ್ ಮೇಲ್ತುದಿಗೆ ಬರುವ ಮೊದಲೇ ಸಿಂಪರಣೆ ಆರಂಭವಾಗಬೇಕು.

1500 ಸುತ್ತಿನ 5 ಅಶ್ವಶಕ್ತಿಯ ಎಂಜಿನ್ನನ್ನು ತೆಗೆದುಕೊಳ್ಳೋಣ. ಅದರ ತಿರುಗುಬಲ ಸುಮಾರು 2.4 ಕಿಲೋಗ್ರಾಂ-ಮೀಟರ್. ಅಂದರೆ ಅಚ್ಚಿನಿಂದ ಒಂದು ಮೀಟರ್ ದೂರದಲ್ಲಿ 2.4 ಕಿಲೋ ಭಾರ ತೂಗಿಬಿಟ್ಟಷ್ಟು. ಈ ವೇಗದಲ್ಲಿ ಕ್ರ್ಯಾಂಕ್ ಒಂದು ಡಿಗ್ರಿ ತಿರುಗಲು ಹಿಡಿಯುವ ಕಾಲ ಸೆಕೆಂಡಿನ 9000ನೇ ಒಂದು ಭಾಗ ಮಾತ್ರ. ನಿಮಿಷಕ್ಕೆ 750ರಂತೆ ಗಂಟೆಗೆ 45,000 ಬಾರಿ ಸಿಂಪರಣೆ ನಡೆಯುತ್ತದೆ. ಸಣ್ಣ ವ್ಯತ್ಯಾಸವೂ ಪ್ರತಿ ಬಾರಿ ಮರುಕಳಿಸುವುದರಿಂದ ದಿನದ ಡೀಸೆಲ್ ಲೆಕ್ಕದಲ್ಲಿ ಅದು ಕಾಣಿಸಿಕೊಳ್ಳುತ್ತದೆ.

ಟೈಮಿಂಗ್ ತಪ್ಪಿದ ಲಕ್ಷಣಗಳು

ಸಿಂಪರಣೆ ತಡವಾದರೆ: ಕೆಳಗಿಳಿಯುತ್ತಿರುವ ಪಿಸ್ಟನ್ನಿನ ಬೆನ್ನು ಹತ್ತಿ ಇಂಧನ ಉರಿಯುತ್ತದೆ. ಶಕ್ತಿ ಕುಂದುತ್ತದೆ, ಹೊಗೆ ಬರುತ್ತದೆ, ಹೊಗೆಕೊಳವೆ ವಿಪರೀತ ಕಾಯುತ್ತದೆ, ಡೀಸೆಲ್ ಖರ್ಚು ಏರುತ್ತದೆ. ತಣ್ಣಗಿರುವಾಗ ಬೇಗ ಚಾಲೂ ಆಗದೆ ಬಿಳಿ ಹೊಗೆ ಬಿಡುವುದೂ ಉಂಟು.

ಸಿಂಪರಣೆ ಬೇಗನಾದರೆ: ಮೇಲೇರುತ್ತಿರುವ ಪಿಸ್ಟನ್ನಿಗೆ ಒತ್ತಡ ಎದುರಾಗಿ ನಿಲ್ಲುತ್ತದೆ. ಲೋಹ ಬಡಿದಂತೆ ಟಕಟಕ ಶಬ್ದ ಕೇಳಿಸುತ್ತದೆ. ಬೇರಿಂಗ್, ಪಿಸ್ಟನ್ ರಿಂಗ್, ಹೆಡ್ ಗ್ಯಾಸ್ಕೆಟ್‌ಗಳು ಬೇಗ ಹಾಳಾಗುತ್ತವೆ. ಚಾಲೂ ಮಾಡುವಾಗ ಹ್ಯಾಂಡಲ್ ಹಿಮ್ಮುಖವಾಗಿ ಒದೆದು ಕೈ ಮುರಿಯುವ ಅಪಾಯವೂ ಇದೆ. ಆದುದರಿಂದ ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಬದಿಗೇ ಇರಿಸಿಕೊಳ್ಳತಕ್ಕದ್ದು.

ಹೊಗೆ, ಶಕ್ತಿಕುಂದು ಇತರ ಕಾರಣಗಳಿಂದಲೂ ಬರಬಹುದು. ಮೊದಲು ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್, ನಾಜಲ್, ವಾಲ್ವ್ ಅಂತರ, ಫುಟ್‌ವಾಲ್ವ್‌ಗಳನ್ನು ಪರೀಕ್ಷಿಸಬೇಕು. ಇವೆಲ್ಲ ಸರಿಯಿದ್ದರೆ, ವಿಶೇಷವಾಗಿ ಎಂಜಿನ್ ಬಿಚ್ಚಿ ಜೋಡಿಸಿದ ನಂತರ ತೊಂದರೆ ಆರಂಭವಾಗಿದ್ದರೆ, ಟೈಮಿಂಗ್ ನೋಡಬೇಕು.

ಪರೀಕ್ಷಿಸುವ ಕ್ರಮ

1. ಎಂಜಿನ್ ನಿಲ್ಲಿಸಿ, ಇಂಧನ ಪಂಪಿನಿಂದ ನಾಜಲ್ಲಿಗೆ ಹೋಗುವ ಪೈಪನ್ನು ಪಂಪಿನ ಬದಿಯಲ್ಲಿ ಕಳಚಬೇಕು.

2. ಡೀಸೆಲ್ ನಲ್ಲಿ ತೆರೆದು, ಪಂಪಿನ ಲಿವರನ್ನು ಪೂರ್ಣ ಇಂಧನದ ಸ್ಥಾನಕ್ಕೆ ತಂದು, ಡಿಕಂಪ್ರೆಷನ್ ಲಿವರನ್ನು ಎತ್ತಬೇಕು.

3. ಫ್ಲೈವೀಲನ್ನು ಎಂಜಿನ್ ತಿರುಗುವ ದಿಕ್ಕಿನಲ್ಲೇ ನಿಧಾನವಾಗಿ ತಿರುಗಿಸಬೇಕು. ಪಂಪಿನ ಬಾಯಲ್ಲಿರುವ ಡೀಸೆಲ್ ಮೇಲೇಳತೊಡಗಿದ ತಕ್ಷಣ ನಿಲ್ಲಿಸಬೇಕು. ಸಿಂಪರಣೆ ಆರಂಭವಾಗುವ ಕ್ಷಣ ಇದೇ.

4. ಆಗ ಫ್ಲೈವೀಲಿನ ಸಿಂಪರಣೆ ಗುರುತು ಎಂಜಿನ್ನಿನ ಮೇಲಿನ ಗುರುತಿಗೆ ಸರಿಹೊಂದಬೇಕು.

ಸಿಂಪರಣೆ ಗುರುತು ಅಳಿಸಿಹೋಗಿದ್ದರೆ ಟಿ.ಡಿ.ಸಿ. ಗುರುತಿನಿಂದ ಅಳೆಯಬಹುದು. ಫ್ಲೈವೀಲಿನ ಸುತ್ತಳತೆ 144 ಸೆಂಟಿಮೀಟರ್ ಇದ್ದರೆ ಒಂದು ಡಿಗ್ರಿಗೆ 4 ಮಿಲಿಮೀಟರ್. ತಯಾರಕರು 23 ಡಿಗ್ರಿ ಎಂದು ಸೂಚಿಸಿದ್ದರೆ, ಟಿ.ಡಿ.ಸಿ. ಗುರುತು ಎಂಜಿನ್ನಿನ ಗುರುತನ್ನು ತಲುಪಲು ಇನ್ನೂ 92 ಮಿಲಿಮೀಟರ್ ಉಳಿದಿರಬೇಕು. ಕಡಮೆ ಉಳಿದಿದ್ದರೆ ಸಿಂಪರಣೆ ತಡ, ಹೆಚ್ಚು ಉಳಿದಿದ್ದರೆ ಬೇಗ. ಎಷ್ಟು ಡಿಗ್ರಿ ಎಂಬುದು ಎಂಜಿನ್ನಿನಿಂದ ಎಂಜಿನ್ನಿಗೆ ಬೇರೆಯಾದ್ದರಿಂದ ಕೈಪಿಡಿಯನ್ನು ನೋಡಿಯೇ ನಿರ್ಧರಿಸಬೇಕು.

ಸರಿಪಡಿಸುವುದು

ಎಂಜಿನ್ನಿನ ಮೈಗೆ ನೇರವಾಗಿ ಕೂರಿಸಿದ ಪಂಪುಗಳಲ್ಲಿ, ಪಂಪಿನ ಅಡಿಯಲ್ಲಿರುವ ಶಿಮ್ ಎಂಬ ತೆಳು ತಗಡುಗಳಿಂದ ಟೈಮಿಂಗ್ ಹೊಂದಿಸುತ್ತಾರೆ. ಶಿಮ್ ಸೇರಿಸಿದರೆ ಸಿಂಪರಣೆ ತಡವಾಗುತ್ತದೆ, ತೆಗೆದರೆ ಬೇಗನಾಗುತ್ತದೆ. ರಿಪೇರಿ ಸಮಯದಲ್ಲಿ ಒಂದು ಶಿಮ್ ಕಳೆದುಹೋದರೂ ಎಂಜಿನ್ ಬಡಿಯತೊಡಗುವುದು ಇದೇ ಕಾರಣದಿಂದ. ಪಂಪನ್ನು ಕಳಚುವ ಮೊದಲು ಶಿಮ್‌ಗಳನ್ನು ಎಣಿಸಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ನಾಜಲ್ ಪರೀಕ್ಷಿಸುವಾಗ ಅಂಗೈಯನ್ನು ಅದರೆದುರು ಎಂದೂ ಹಿಡಿಯಬಾರದು. ಸಿಂಪರಣೆಯ ಒತ್ತಡಕ್ಕೆ ಡೀಸೆಲ್ ಚರ್ಮವನ್ನು ಭೇದಿಸಿ ಒಳಹೋಗಬಲ್ಲದು. ಹಾಗಾದಲ್ಲಿ ನೋವಿಲ್ಲದಿದ್ದರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ನೀರಿನ ತುರ್ತು ಬರುವ ಮುನ್ನ, ಹಂಗಾಮಿನ ಆರಂಭದಲ್ಲೇ ಒಮ್ಮೆ ಈ ಪರೀಕ್ಷೆ ನಡೆಸಿದರೆ ಡೀಸೆಲ್ ಉಳಿಯುವುದು, ಎಂಜಿನ್ನಿನ ಬಾಳಿಕೆ ಹೆಚ್ಚುವುದು. ಗೇರುಗಳನ್ನು ಬಿಚ್ಚುವ ಅಗತ್ಯ ಕಂಡುಬಂದರೆ ಮಾತ್ರ ಆ ಕೆಲಸವನ್ನು ಅನುಭವಿ ಮೆಕ್ಯಾನಿಕ್ಕಿಗೆ ಬಿಡುವುದು ಲೇಸು.