ವಿದ್ವತ್ತಿಗೆ ಅಳತೆಗೋಲು

ಅಕ್ಕಿಯನ್ನು ಸೇರಿನಿಂದ ಅಳೆಯುತ್ತಿದ್ದರು, ಬಟ್ಟೆಯನ್ನು ಮೊಳದಿಂದ ಅಳೆಯುತ್ತಿದ್ದರು, ಚಿನ್ನವನ್ನು ಗುಲಗಂಜಿಯ ಎದುರು ತೂಗುತ್ತಿದ್ದರು. ಅಳೆಯುವ ವಸ್ತು ಯಾವುದೋ ಅದಕ್ಕೆ ತಕ್ಕ ಮಾನವಿರಬೇಕೆಂಬುದು ನಮ್ಮ ಹಿರಿಯರ ವ್ಯವಹಾರಜ್ಞಾನ. ಆದರೆ ವಿದ್ವತ್ತನ್ನು ಅಳೆಯುವುದು ಹೇಗೆ? ಹಿಂದೆ ಪಂಡಿತರು ಸಭೆಗಳಲ್ಲಿ ವಾಕ್ಯಾರ್ಥ ನಡೆಸಿ ಪರಸ್ಪರರ ಪಾಂಡಿತ್ಯವನ್ನು ಒರೆಗೆ ಹಚ್ಚುತ್ತಿದ್ದರು. ಇಂದು ವಿಶ್ವವಿದ್ಯಾನಿಲಯಗಳು ವಿದ್ವಾಂಸನು ಪ್ರಕಟಿಸಿದ ಲೇಖನಗಳನ್ನೂ ಅವುಗಳನ್ನು ಇತರರು ಎಷ್ಟು ಸಲ ಉಲ್ಲೇಖಿಸಿದ್ದಾರೆಂಬುದನ್ನೂ ಎಣಿಸುತ್ತವೆ. ತರುಣ ಸಂಶೋಧಕನೊಬ್ಬನಿಗೆ ಉದ್ಯೋಗವೋ ಬಡ್ತಿಯೋ ಧನಸಹಾಯವೋ ದೊರೆಯುವುದು ಅನೇಕ ವೇಳೆ ಈ ಎಣಿಕೆಯನ್ನು ಅವಲಂಬಿಸಿರುತ್ತದೆ. ಆದುದರಿಂದ ಈ ಅಳತೆಗೋಲು ಏನನ್ನು ತೋರಿಸುತ್ತದೆ, ಏನನ್ನು ತೋರಿಸಲಾರದು ಎಂಬುದನ್ನು ವಿದ್ಯಾರ್ಥಿಗಳಾದವರು ಅರಿತಿರುವುದು ಒಳ್ಳೆಯದು.

ಸಂಶೋಧಕನು ತನ್ನ ಲೇಖನವನ್ನು ಬರೆಯುವಾಗ ಹಿಂದಿನವರ ಯಾವ ಕೃತಿಗಳಿಂದ ನೆರವು ಪಡೆದೆನೆಂಬುದನ್ನು ಸೂಚಿಸುತ್ತಾನೆ. ಇದು ಋಣವನ್ನು ಒಪ್ಪಿಕೊಳ್ಳುವ ಸೌಜನ್ಯ. ಇದಕ್ಕೆ ಉಲ್ಲೇಖವೆಂದು ಹೆಸರು. ಅಮೆರಿಕದಲ್ಲಿ ಹಳೆಯ ತೀರ್ಪೊಂದನ್ನು ಮುಂದಿನ ಯಾವ ಯಾವ ತೀರ್ಪುಗಳು ಆಧಾರವಾಗಿ ಬಳಸಿಕೊಂಡಿವೆ ಎಂಬುದನ್ನು ತಿಳಿಸುವ ಸೂಚಿಯೊಂದು 1873ರಿಂದಲೇ ವಕೀಲರ ಬಳಕೆಯಲ್ಲಿತ್ತು. ಅದನ್ನು ಮಾದರಿಯಾಗಿಟ್ಟುಕೊಂಡು ವಿಜ್ಞಾನಕ್ಕೂ ಅಂಥದೊಂದು ಸೂಚಿ ಬೇಕೆಂದು ಯೂಜಿನ್ ಗಾರ್ಫೀಲ್ಡ್ ಎಂಬುವರು 1955ರಲ್ಲಿ ಸಲಹೆ ಮಾಡಿದರು. ಅವರ ಶ್ರಮದ ಫಲವಾಗಿ 1964ರಲ್ಲಿ ವಿಜ್ಞಾನದ ಉಲ್ಲೇಖ ಸೂಚಿ ಪ್ರಕಟವಾಯಿತು. ಒಂದು ವಿಚಾರವು ಲೇಖನದಿಂದ ಲೇಖನಕ್ಕೆ ಹೇಗೆ ಹರಿದುಹೋಗಿದೆ ಎಂಬುದನ್ನು ಹುಡುಕುವವರಿಗೆ ದಾರಿ ತೋರುವುದೇ ಅದರ ಮೂಲ ಉದ್ದೇಶ. ಕಾಲಕ್ರಮದಲ್ಲಿ ಆ ಕೈದೀಪವೇ ತಕ್ಕಡಿಯಾಯಿತು.

2005ರಲ್ಲಿ ಜಾರ್ಜ್ ಹಿರ್ಷ್ ಎಂಬ ಭೌತವಿಜ್ಞಾನಿ ಎಚ್-ಸೂಚ್ಯಂಕವೆಂಬ ಹೊಸ ಮಾನವನ್ನು ಮುಂದಿಟ್ಟರು. ಅದರ ಲೆಕ್ಕ ಸುಲಭವಾದುದು. ಒಬ್ಬರು ಬರೆದ ಆರು ಲೇಖನಗಳು ಕ್ರಮವಾಗಿ 40, 12, 7, 4, 2, 0 ಸಲ ಉಲ್ಲೇಖಗೊಂಡಿವೆಯೆಂದು ಭಾವಿಸೋಣ. ಇವುಗಳಲ್ಲಿ ನಾಲ್ಕು ಲೇಖನಗಳು ಕನಿಷ್ಠ ನಾಲ್ಕು ಸಲವಾದರೂ ಉಲ್ಲೇಖಗೊಂಡಿವೆ. ಐದು ಲೇಖನಗಳು ಐದೈದು ಸಲ ಉಲ್ಲೇಖಗೊಂಡಿಲ್ಲ. ಆದುದರಿಂದ ಅವರ ಸೂಚ್ಯಂಕ 4. ಸಾರವಿಲ್ಲದ ನೂರು ಲೇಖನಗಳನ್ನು ಬರೆದ ಮಾತ್ರಕ್ಕೆ ಈ ಸಂಖ್ಯೆ ಏರುವುದಿಲ್ಲವೆಂಬುದು ಇದರ ಗುಣ. ದೋಷವೂ ಇಲ್ಲಿಯೇ ಅಡಗಿದೆ. ಜೀವಮಾನದಲ್ಲಿ ಒಂದೇ ಒಂದು ಲೇಖನವನ್ನು ಬರೆದು, ಅದು 900 ಸಲ ಉಲ್ಲೇಖಗೊಂಡರೂ ಆ ವಿದ್ವಾಂಸನ ಸೂಚ್ಯಂಕ 1 ಮಾತ್ರ. ಒಂದೇ ಸಂಖ್ಯೆಯು ಬಹುಮುಖ ಸಾಧನೆಯ ಸ್ಥೂಲ ಚಿತ್ರವನ್ನಷ್ಟೇ ಕೊಡಬಲ್ಲುದೆಂದು ಹಿರ್ಷ್ ಅವರೇ ತಮ್ಮ ಲೇಖನದಲ್ಲಿ ಎಚ್ಚರಿಸಿದ್ದರು. ಆದರೆ ಎಚ್ಚರಿಕೆಗಿಂತ ಸಂಖ್ಯೆಯೇ ಹೆಚ್ಚು ದೂರ ಪ್ರಯಾಣ ಮಾಡಿತು.

ಉಲ್ಲೇಖಗಳ ಸಂಖ್ಯೆ ದೊಡ್ಡದಾದ ಮಾತ್ರಕ್ಕೆ ಶೋಧವೂ ದೊಡ್ಡದೆಂದು ಹೇಳಲಾಗದು. 2014ರಲ್ಲಿ ನಡೆದ ಒಂದು ಗಣನೆಯಲ್ಲಿ ಮೊದಲನೆಯ ಸ್ಥಾನ ಪಡೆದುದು ದ್ರಾವಣದಲ್ಲಿರುವ ಪ್ರೋಟೀನಿನ ಪ್ರಮಾಣವನ್ನು ಕಂಡುಹಿಡಿಯುವ ವಿಧಾನವನ್ನು ವಿವರಿಸಿದ 1951ರ ಲೇಖನ. ಅದು ಮೂರು ಲಕ್ಷಕ್ಕೂ ಹೆಚ್ಚು ಸಲ ಉಲ್ಲೇಖಗೊಂಡಿತ್ತು. ಜೀವವಿಜ್ಞಾನದ ದಿಕ್ಕನ್ನೇ ಬದಲಿಸಿದ, ಡಿ.ಎನ್.ಎ. ರಚನೆಯನ್ನು ಕುರಿತ 1953ರ ಲೇಖನ ಮೊದಲ ನೂರರಲ್ಲಿಯೂ ಇರಲಿಲ್ಲ! ದಿನನಿತ್ಯದ ಉಪಕರಣವನ್ನು ಎಲ್ಲರೂ ಹೆಸರಿಸುತ್ತಾರೆ. ಮಹಾಸತ್ಯವು ಪಠ್ಯಪುಸ್ತಕವನ್ನು ಸೇರಿದ ಮೇಲೆ ಅದನ್ನು ಮೊದಲು ಹೇಳಿದವರ ಲೇಖನವನ್ನು ಯಾರೂ ಹುಡುಕಿ ಹೆಸರಿಸುವುದಿಲ್ಲ. ಶಾಸ್ತ್ರಶಾಸ್ತ್ರಗಳ ರೂಢಿಯೂ ಬೇರೆ ಬೇರೆ. 2015ರಲ್ಲಿ ಹಿಗ್ಸ್ ಕಣದ ದ್ರವ್ಯರಾಶಿಯನ್ನು ಕುರಿತು ಪ್ರಕಟವಾದ ಲೇಖನಕ್ಕೆ 5,154 ಮಂದಿ ಕರ್ತೃಗಳು. ಸಂಗೀತಶಾಸ್ತ್ರದ ಗ್ರಂಥವನ್ನಾದರೋ ಸಾಮಾನ್ಯವಾಗಿ ಒಬ್ಬರೇ ಹಲವು ವರ್ಷ ಕುಳಿತು ಬರೆಯುತ್ತಾರೆ. ಇವೆರಡನ್ನೂ ಒಂದೇ ಕೋಲಿನಿಂದ ಅಳೆಯುವುದು ನ್ಯಾಯವೇ?

ಈ ಪ್ರಶ್ನೆಗೆ ಸರ್ ಸಿ. ವಿ. ರಾಮನ್ ಅವರ ಜೀವನಕಾರ್ಯಕ್ಕಿಂತ ಉತ್ತಮವಾದ ನಿದರ್ಶನ ದೊರೆಯುವುದು ಕಷ್ಟ. 1933ರಲ್ಲಿ ಬೆಂಗಳೂರಿಗೆ ಬಂದು, 1970ರಲ್ಲಿ ಇಲ್ಲಿಯೇ ದೇಹವಿಟ್ಟ ಈ ಮಹನೀಯರು ಬೆಳಕಿನ ಚದುರುವಿಕೆಯನ್ನು ಕುರಿತ ಸಂಶೋಧನೆಗಾಗಿ 1930ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದುದು ಲೋಕವಿದಿತ. ಅದಕ್ಕೂ ಮೊದಲು ಕಲ್ಕತ್ತೆಯಲ್ಲಿದ್ದಾಗ ಅವರು ಪಿಟೀಲು, ವೀಣೆ, ತಂಬೂರಿ, ಮೃದಂಗಗಳ ನಾದವನ್ನು ಆಳವಾಗಿ ಅಭ್ಯಸಿಸಿದ್ದರೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಸಾಮಾನ್ಯವಾದ ಚರ್ಮವಾದ್ಯವನ್ನು ಬಡಿದಾಗ ಮೂಲಸ್ವರದೊಡನೆ ಹುಟ್ಟುವ ಇತರ ಸ್ವರಗಳು ಅದರೊಡನೆ ಹೊಂದಿಕೊಳ್ಳುವುದಿಲ್ಲ. ಕೇಳಿಬರುವುದು ಬರಿಯ ಸದ್ದು. ಮೃದಂಗದ ಬಲಮುಖದ ನಡುವೆ ಮೆತ್ತುವ ಕಪ್ಪು ಲೇಪವು ಚರ್ಮದ ಕಂಪನವನ್ನು ತಿದ್ದಿ, ಆ ಸ್ವರಗಳು ಒಂದು, ಎರಡು, ಮೂರು, ನಾಲ್ಕು, ಐದು ಎಂಬ ಪೂರ್ಣಾಂಕಗಳ ಪ್ರಮಾಣದಲ್ಲಿ ಹೊಂದುವಂತೆ ಮಾಡುತ್ತದೆ. ರಾಮನ್ ಅವರು 1920ರಲ್ಲಿ ಪ್ರಕಟಿಸಿದ ಟಿಪ್ಪಣಿಯಲ್ಲಿಯೂ 1934ರ ವಿಸ್ತಾರವಾದ ಲೇಖನದಲ್ಲಿಯೂ ಇದನ್ನು ವಿವರಿಸಿದರು. ತಲೆತಲಾಂತರದಿಂದ ಮೃದಂಗ ಕಟ್ಟುವವರು ಕೈಯಿಂದ ಬಲ್ಲ ಸತ್ಯಕ್ಕೆ ಗಣಿತದ ಭಾಷೆ ದೊರೆಯಿತು.

ಈಗ ಎಣಿಕೆಯ ಅಳತೆಗೋಲನ್ನು ಇವೆರಡು ಕಾರ್ಯಗಳ ಮೇಲೂ ಇಟ್ಟು ನೋಡೋಣ. ರಾಮನ್ ಪರಿಣಾಮವನ್ನು ಔಷಧಗಳ ಪರೀಕ್ಷೆಯಲ್ಲಿ, ರತ್ನಗಳ ಪರೀಕ್ಷೆಯಲ್ಲಿ ಬಳಸುವ ಬಹುಮಂದಿ 1928ರ ಮೂಲ ಲೇಖನವನ್ನು ಉಲ್ಲೇಖಿಸುವುದಿಲ್ಲ. ರಾಮನ್ ಎಂಬ ಹೆಸರೇ ಆ ವಿಧಾನದ ಹೆಸರಾಗಿದೆ. ಕೀರ್ತಿ ಪೂರ್ಣವಾದಾಗ ಲೆಕ್ಕ ತಪ್ಪುತ್ತದೆ. ಇನ್ನು ಮೃದಂಗದ ಲೇಖನ. ವಾದ್ಯಗಳ ನಾದವನ್ನು ಕುರಿತು ಸಂಶೋಧನೆ ಮಾಡುವವರ ಬಳಗ ಚಿಕ್ಕದು. ಚಿಕ್ಕ ಬಳಗದಲ್ಲಿ ಹುಟ್ಟಿದ ಕೃತಿಗೆ ದೊಡ್ಡ ಸಂಖ್ಯೆ ಎಲ್ಲಿಂದ ಬರಬೇಕು? ಸಂಖ್ಯೆ ಸಣ್ಣದೆಂದು ವಿಚಾರವೂ ಸಣ್ಣದಾಯಿತೆ?

ಸಂಗೀತದ ಲೋಕದಲ್ಲಿ ಪ್ರಭಾವವು ಹರಿಯುವ ದಾರಿಯೇ ಬೇರೆ. ಪುರಂದರದಾಸರು ಹಾಕಿಕೊಟ್ಟರೆಂದು ಪರಂಪರೆ ಹೇಳುವ ಸರಳೆ ವರಸೆಗಳನ್ನು ಮಾಯಾಮಾಳವಗೌಳ ರಾಗದಲ್ಲಿ ಹಾಡದೆ ಕರ್ನಾಟಕ ಸಂಗೀತದ ವಿದ್ಯಾರ್ಥಿ ಮುಂದಕ್ಕೆ ಹೋಗುವುದಿಲ್ಲ. ಹದಿನೇಳನೆಯ ಶತಮಾನದ ವೆಂಕಟಮಖಿ ‘ಚತುರ್ದಂಡೀ ಪ್ರಕಾಶಿಕೆ’ಯಲ್ಲಿ ನಿರೂಪಿಸಿದ 72 ಮೇಳಗಳ ಚೌಕಟ್ಟು, ಭಾತಖಂಡೆಯವರು ಹಿಂದುಸ್ತಾನಿ ರಾಗಗಳನ್ನು ಹತ್ತು ಥಾಟುಗಳಲ್ಲಿ ಅಳವಡಿಸಿದ ಕ್ರಮ, ಇವು ಅಸಂಖ್ಯ ಪಾಠಗಳಲ್ಲಿ ದಿನವೂ ಜೀವಂತವಾಗಿವೆ. ಅವು ಗುರುವಿನ ಕಂಠದಿಂದ ಶಿಷ್ಯನ ಕಂಠಕ್ಕೆ ಸಾಗುತ್ತವೆ. ಆ ಹಾದಿಯಲ್ಲಿ ಎಣಿಸುವವರು ಯಾರೂ ಕುಳಿತಿಲ್ಲ. ಕಲೆ ಮತ್ತು ಮಾನವಿಕ ಶಾಸ್ತ್ರಗಳಿಗೂ 1970ರ ದಶಕದ ಕೊನೆಯಲ್ಲಿ ಉಲ್ಲೇಖ ಸೂಚಿ ಸಿದ್ಧವಾಯಿತೆಂಬುದು ನಿಜ. ಆದರೆ ಅಂಥ ಸೂಚಿಗಳು ಬಹುಮಟ್ಟಿಗೆ ನಿಯತಕಾಲಿಕಗಳ ಲೇಖನಗಳನ್ನು, ಅದರಲ್ಲಿಯೂ ಇಂಗ್ಲಿಷಿನವನ್ನು ಆಧರಿಸಿವೆ. ಕನ್ನಡದಲ್ಲಿ ಬರೆದ ಲಕ್ಷಣಗ್ರಂಥವಾಗಲಿ, ಕಚೇರಿಯಾಗಲಿ, ಪಾಠಕ್ರಮವಾಗಲಿ ಆ ಬಲೆಗೆ ಬೀಳುವುದು ವಿರಳ.

ಅಳತೆಯೇ ಗುರಿಯಾದಾಗ ಮತ್ತೊಂದು ಅಪಾಯ ತಲೆದೋರುತ್ತದೆ. ಒಂದೇ ಲೇಖನವನ್ನು ಸೀಳಿ ಮೂರಾಗಿ ಪ್ರಕಟಿಸುವುದು, ತನ್ನನ್ನು ತಾನೇ ಪದೇ ಪದೇ ಉಲ್ಲೇಖಿಸಿಕೊಳ್ಳುವುದು, ಗೆಳೆಯರು ಪರಸ್ಪರ ಉಲ್ಲೇಖಗಳನ್ನು ವಿನಿಮಯ ಮಾಡಿಕೊಳ್ಳುವುದು, ಇಂಥ ದುರಭ್ಯಾಸಗಳು ಬೆಳೆಯುತ್ತವೆ. ಆಗ ಹತ್ತು ವರ್ಷ ಒಂದು ಹಸ್ತಪ್ರತಿಯ ಮುಂದೆ ಕುಳಿತವನು ಹಿಂದೆ ಬೀಳುತ್ತಾನೆ. ಅವಸರದಲ್ಲಿ ಬರೆದವನು ಮುಂದೆ ಹೋಗುತ್ತಾನೆ. ನಷ್ಟ ಒಬ್ಬನದಲ್ಲ, ವಿದ್ಯೆಯದು. ಇದನ್ನು ಮನಗಂಡ ವಿದ್ವಾಂಸರು 2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆಯನ್ನೂ 2015ರಲ್ಲಿ ಹತ್ತು ಸೂತ್ರಗಳ ಲೈಡನ್ ಪ್ರಣಾಳಿಕೆಯನ್ನೂ ಹೊರಡಿಸಿದರು. ಸಂಖ್ಯೆಯು ಬಲ್ಲವರ ವಿವೇಚನೆಗೆ ನೆರವಾಗಬೇಕೇ ಹೊರತು ಅದರ ಸ್ಥಾನವನ್ನು ಆಕ್ರಮಿಸಬಾರದೆಂಬುದು ಅವುಗಳ ತಾತ್ಪರ್ಯ.

ಹಾಗೆಂದು ಎಣಿಕೆಯನ್ನು ತಿರಸ್ಕರಿಸಬೇಕಾಗಿಲ್ಲ. ಸಾವಿರಾರು ಲೇಖನಗಳ ನಡುವೆ ದಾರಿ ಹುಡುಕಲು ಅದು ಸಹಾಯಕ. ವಶೀಲಿಯನ್ನು ಒಂದಿಷ್ಟು ತಡೆಯುವ ಶಕ್ತಿಯೂ ಅದಕ್ಕಿದೆ. ಒಂದೇ ಶಾಸ್ತ್ರದ, ಒಂದೇ ವಯೋಮಾನದ ವಿದ್ವಾಂಸರನ್ನು ಕುರಿತು ಅದು ಕೆಲವು ಮಾತನ್ನು ಹೇಳಬಲ್ಲುದು. ಆದರೆ ತಂಬೂರಿಯ ಶ್ರುತಿ ಸೇರಿತೆ ಎಂಬುದನ್ನು ತಂತಿಗಳನ್ನು ಎಣಿಸಿ ಹೇಳಲಾಗದು, ಕಿವಿಗೊಟ್ಟು ಕೇಳಬೇಕು. ಅಂತೆಯೇ ಒಂದು ಕೃತಿಯ ಬೆಲೆಯನ್ನು ಅರಿಯಬೇಕಾದವರು ಅದನ್ನು ತೆರೆದು ಓದಬೇಕು. ಅದಕ್ಕಿಂತ ಸುಲಭವಾದ ದಾರಿ ಇನ್ನೂ ಹುಟ್ಟಿಲ್ಲ.